ಬೆಳಕು ತಿರುಗಿಸಿ ನೋಡಿ: ಹಳೆಯ ರೈಫಲ್ಲಿನ ಮರ ಓದುವ ಬಗೆ

ಕೈಲ್‌ಪೋದ್ ಹಬ್ಬಕ್ಕೆ ಎರಡು ದಿನ ಮುಂಚೆ ಕೊಡಗಿನ ಗೆಳೆಯನೊಬ್ಬನ ಮನೆತನದ ಮೂಲಮನೆಯಾದ ಐನ್‌ಮನೆಗೆ ಹೋಗಿದ್ದೆ. ಹಬ್ಬಕ್ಕೆ ಕೋವಿಗಳನ್ನು ತೊಳೆದು ಒರೆಸಿ ಸಿದ್ಧ ಮಾಡುವ ಕೆಲಸ ನಡೆದಿತ್ತು. ಜಗಲಿಯ ಮೇಲೆ ಚಾಪೆ ಹಾಸಿ ಮನೆಯ ಕೋವಿಗಳನ್ನೆಲ್ಲ ಸಾಲಾಗಿ ಮಲಗಿಸಿದ್ದರು. ಒಂದು ಕೇಪಿನ ಕೋವಿ, ಎರಡು ಜೋಡಿ ನಳಿಗೆಯವು, ಕೊನೆಯಲ್ಲಿ ಒಂದು ಬೋಲ್ಟ್ ಆ್ಯಕ್ಷನ್ ರೈಫಲ್. ಊರು ಬಿಟ್ಟು ಹೊರಟಿದ್ದ ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬರಿಂದ ಗೆಳೆಯನ ಅಜ್ಜ ಕೊಂಡಿದ್ದ ರೈಫಲ್ ಅದು. ಅದರ ಮರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಯಾರ ಕಣ್ಣೂ ಅದರ ಮೇಲೆ ನಿಲ್ಲುವಂತಿರಲಿಲ್ಲ.

ಮಳೆ ಹಿಡಿದಿತ್ತು, ಕರೆಂಟ್ ಹೋಗಿತ್ತು. ಬಟ್ ಪ್ಲೇಟಿನ ಸ್ಕ್ರೂ ನೋಡಲೆಂದು ಗೆಳೆಯ ಮೊಬೈಲಿನ ಟಾರ್ಚ್ ಹಾಕಿ ಮರದ ಮಗ್ಗುಲಿಗೆ ಓರೆಯಾಗಿ ಹಿಡಿದ. ಆ ಕ್ಷಣ ಹೆಗಲಿಗೊತ್ತುವ ಹಿಂಭಾಗವಾದ ಬಟ್‌ನ ಉದ್ದಕ್ಕೂ ಹುಲಿಪಟ್ಟೆ ಎದ್ದಿತು. ಒಂದರ ಪಕ್ಕ ಒಂದು, ಕಿರುಬೆರಳಿನ ಅರ್ಧದಷ್ಟು ಅಗಲದ ಪಟ್ಟೆಗಳು. ಟಾರ್ಚನ್ನು ಎಡದಿಂದ ಬಲಕ್ಕೆ ಸರಿಸಿದಾಗ ಕಪ್ಪಗಿದ್ದ ಪಟ್ಟೆ ಹೊಳೆಯಿತು, ಹೊಳೆಯುತ್ತಿದ್ದದ್ದು ಕಪ್ಪಾಯಿತು. ಗೆಳೆಯನ ಅಪ್ಪ ಕುರ್ಚಿಯಿಂದ ಎದ್ದು ಬಂದು ಬಗ್ಗಿ ನೋಡಿದರು. "ಇಷ್ಟು ವರ್ಷ ಒರೆಸಿದ್ದೇನೆ, ಇದು ಕಂಡೇ ಇಲ್ಲವಲ್ಲ. ಯಾರಾದರೂ ಬಣ್ಣ ಹೊಡೆದಿದ್ದಾ ಇದು?" ಎಂದರು.

ಆ ಪ್ರಶ್ನೆಗೆ ಅಂದು ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಕೊಡಗಿನಲ್ಲಿ, ಮಲೆನಾಡಿನಲ್ಲಿ, ಹಳೆಯ ತೋಟದ ಬಂಗಲೆಗಳಲ್ಲಿ ಇಂಥ ಕೋವಿಗಳು ಇನ್ನೂ ಇವೆ. ನಳಿಗೆಯ ಬಗ್ಗೆ, ಗುಂಡಿನ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಮರವನ್ನು ನೋಡಲು ಬಲ್ಲವರು ಕಡಿಮೆ. ನೋಡಲು ತಿಳಿಯದೆ ಹಾಳಾದ ಮರ ಮತ್ತೆ ಬರುವುದಿಲ್ಲ.

ಮೊದಲಿಗೆ ಒಂದು ಮಾತು. ಬೋಲ್ಟ್ ಹೊರಗೆ ತೆಗೆದು, ಚೇಂಬರ್ ಮತ್ತು ಮ್ಯಾಗಜೀನ್ ಎರಡೂ ಖಾಲಿ ಎಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಂಡ ಮೇಲೆಯೇ ಮರದ ಮಾತು. ಅಜ್ಜನ ಕಾಲದ ಕೋವಿ, ಯಾರೂ ಹಾರಿಸಿಲ್ಲ ಎಂಬ ಭರವಸೆ ಸಾಲದು. ಮರ ಚೆಂದವಿದೆ ಎಂದು ಕೊಳ್ಳಹೊರಡುವವರು 1959ರ ಶಸ್ತ್ರಾಸ್ತ್ರ ಕಾಯ್ದೆಯನ್ನು ಮರೆಯಬಾರದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಗೂ ಅದರದೇ ಮಿತಿಗಳಿವೆ. ಉಳಿದವರಿಗೆ ಪರವಾನಗಿ ಇಲ್ಲದೆ ಆಗುವುದಿಲ್ಲ. ಮೊದಲು ಕಾಗದಪತ್ರ, ಆಮೇಲೆ ಪಟ್ಟೆ.

ಪಟ್ಟೆ ಹುಟ್ಟುವ ಬಗೆ

ಮರವೆಂದರೆ ನಾರಿನ ಕಟ್ಟು. ಕೂದಲಿಗಿಂತ ಸಣ್ಣ ಕೊಳವೆಗಳನ್ನು ಒತ್ತೊತ್ತಾಗಿ ಜೋಡಿಸಿ ಕಟ್ಟಿದ ಹಾಗೆ. ಕೊಳವೆಯ ಮಗ್ಗುಲಿಗೆ ಬೆಳಕು ಬಿದ್ದರೆ ಅದು ಹೊಳೆಯುತ್ತದೆ. ಬಾಯಿಗೆ ಬಿದ್ದರೆ ಬೆಳಕು ಒಳಗೆ ಇಂಗಿ, ಆ ಜಾಗ ಕಪ್ಪಾಗಿ ಕಾಣುತ್ತದೆ. ನಾರು ನೇರವಾಗಿ ಬೆಳೆದ ಮರವನ್ನು ಉದ್ದಕ್ಕೆ ಕೊಯ್ದರೆ ಎಲ್ಲ ಕಡೆಯೂ ಮಗ್ಗುಲೇ ಸಿಗುತ್ತದೆ, ಬಣ್ಣ ಒಂದೇ ಸಮ. ಕೆಲವು ಮರಗಳಲ್ಲಿ ನಾರು ಹಾವು ಹರಿದಂತೆ ಬಳುಕುತ್ತ ಬೆಳೆದಿರುತ್ತದೆ. ಅಂಥದ್ದರ ಮೇಲೆ ಗರಗಸ ನೇರವಾಗಿ ಹಾಯ್ದರೆ ಒಂದು ಕಡೆ ನಾರಿನ ಮಗ್ಗುಲು, ಅದರ ಪಕ್ಕದಲ್ಲೇ ನಾರಿನ ಬಾಯಿ, ಮತ್ತೆ ಮಗ್ಗುಲು ತೆರೆದುಕೊಳ್ಳುತ್ತವೆ. ಪಟ್ಟೆ ಎಂದು ನಮಗೆ ಕಾಣುವುದು ಇದೇ.

ನವಿಲುಕೊರಳಿನ ಬಣ್ಣದ ರೇಷ್ಮೆ ಸೀರೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹಾಸಿನ ಎಳೆ ನೀಲಿ, ಹೊಕ್ಕಿನ ಎಳೆ ಹಸಿರು. ಸೆರಗು ಅಲುಗಿದಂತೆ ಒಮ್ಮೆ ನೀಲಿ, ಒಮ್ಮೆ ಹಸಿರು. ಬಟ್ಟೆಯ ಬಣ್ಣ ಬದಲಾಗುವುದಿಲ್ಲ, ಎಳೆಗೂ ಬೆಳಕಿಗೂ ಇರುವ ಕೋನ ಬದಲಾಗುತ್ತದೆ. ಮರದಲ್ಲಿಯೂ ಹಾಗೆಯೇ. ಹತ್ತರಿ ಹಿಡಿದು ಕೆಲಸ ಮಾಡಿದ ಬಡಗಿಗೆ ಈ ಮರ ಇನ್ನೊಂದು ಬಗೆಯಲ್ಲಿ ಗೊತ್ತು. ಒಂದಂಗುಲ ಬೆಣ್ಣೆಯಂತೆ ಹೆರೆದುಕೊಂಡು ಹೋಗಿ, ಮುಂದಿನ ಅಂಗುಲದಲ್ಲಿ ಸಿಬಿರೆದ್ದು ಕಿತ್ತು ಬರುತ್ತದೆ. ಅವನಿಗೆ ತಲೆನೋವು ತಂದ ಮರವೇ ಕೋವಿ ಪ್ರಿಯರ ಕಣ್ಣಿಗೆ ಹಬ್ಬ.

ಇಲ್ಲಿ ಒಂದು ಭೇದವನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಮರದ ಅಂದದಲ್ಲಿ ಎರಡು ಬಗೆ. ಒಂದು, ನಾರಿನ ತಿರುವಿನಿಂದ ಬರುವ ಹೊಳಪು. ಬೆಳಕು ಸರಿದಂತೆ ಅದೂ ಸರಿಯುತ್ತದೆ. ಇನ್ನೊಂದು, ಮರದ ಚೇಗಿನಲ್ಲೇ ಇಳಿದ ಬಣ್ಣದ ಗೆರೆ. ಹೊಗೆಬಣ್ಣದ, ಕಪ್ಪು, ಕೆಂಗಂದು ಎಳೆಗಳು ಜೇನುಬಣ್ಣದ ಮರದ ಮೇಲೆ ಶಾಯಿ ಹರಿದಂತೆ ಹರಡಿರುತ್ತವೆ. ಬೆಳಕನ್ನು ಎಲ್ಲಿ ಹಿಡಿದರೂ ಅವು ಕದಲುವುದಿಲ್ಲ. ತುರ್ಕಿಯ, ಕಾಕಸಸ್ ಸೀಮೆಯ ಅಕ್ರೋಟು ಮರಗಳಿಗೆ ಹೆಸರು ಬಂದಿರುವುದು ಈ ಎರಡನೆಯ ಬಗೆಯ ಅಂದದಿಂದ. ಎರಡೂ ಒಂದೇ ಬಟ್‌ನಲ್ಲಿ ಸೇರಿ ಬಂದರೆ ಬೆಲೆ ಮೇಲೇರುವುದು ಸಹಜ.

ಅಲೆ, ಕವಲು, ಬುಡ, ಗಂಟು

ನಮ್ಮ ರೈಫಲ್ಲಿನಲ್ಲಿ ಕಂಡದ್ದು ಅಲೆಪಟ್ಟೆ. ಪಿಟೀಲಿನ ಬೆನ್ನಿಗೆ ಹಾಕುವ ಮೇಪಲ್ ಮರದಲ್ಲೂ ಇದೇ ಇರುವುದರಿಂದ ಇಂಗ್ಲಿಷರು ಇದಕ್ಕೆ ಪಿಟೀಲಿನ ಹೆಸರನ್ನೇ ಇಟ್ಟಿದ್ದಾರೆ. ಪಟ್ಟೆಗಳು ನಾರಿಗೆ ಅಡ್ಡಲಾಗಿ, ಏಣಿಯ ಮೆಟ್ಟಿಲಿನಂತೆ ಸಾಲಾಗಿ ಬರುತ್ತವೆ. ಇದನ್ನು ತೂಗುವಾಗ ನಾನು ನೋಡುವುದು ಮೂರು ಸಂಗತಿ: ಪಟ್ಟೆ ಎಷ್ಟು ಒತ್ತಾಗಿದೆ, ಕಪ್ಪು ಬಿಳುಪಿನ ಅಂತರ ಎಷ್ಟು ಖಚಿತವಾಗಿದೆ, ಬಟ್‌ನ ತುದಿಯಿಂದ ಎಷ್ಟು ದೂರದವರೆಗೆ ನಿಲ್ಲದೆ ಹರಿದಿದೆ. ಅಂಗೈಯಗಲ ಹೊಳೆದು ಮಾಯವಾಗುವ ಪಟ್ಟೆಗೂ, ಬಟ್ ಪೂರ್ತಿ ತುಂಬಿದ ಪಟ್ಟೆಗೂ ಬಹಳ ವ್ಯತ್ಯಾಸವಿದೆ. ದಿಮ್ಮಿಯನ್ನು ಕೊಯ್ದ ದಿಕ್ಕಿನಿಂದಲೂ ಇದು ಬದಲಾಗುತ್ತದೆ. ಮರದ ನಡುವಿನಿಂದ ತೊಗಟೆಯ ಕಡೆಗೆ, ಬೆಳವಣಿಗೆಯ ಬಳೆಗಳಿಗೆ ಅಡ್ಡವಾಗಿ ಸೀಳಿದ ಹಲಗೆಯ ಮುಖದಲ್ಲಿ ಅಲೆಪಟ್ಟೆ ಅತ್ಯಂತ ಸ್ಪಷ್ಟ. ಬಳೆಗಳನ್ನು ಸವರಿಕೊಂಡು ಕೊಯ್ದ ಹಲಗೆಯಲ್ಲಿ ಪಟ್ಟೆ ಮಂಕಾಗಿ, ಬೆಟ್ಟದ ಸಾಲಿನಂಥ ದೊಡ್ಡ ದೊಡ್ಡ ಬಣ್ಣದ ಕಮಾನುಗಳು ಎದ್ದು ಕಾಣುತ್ತವೆ. ಬಟ್ ಪ್ಲೇಟ್ ಬಿಚ್ಚಿದರೆ ಕಾಣುವ ಅಡ್ಡಕೊಯ್ತದ ಮುಖದಲ್ಲಿ ಬಳೆಗಳು ನೇರ ನಿಂತಿವೆಯೋ ಮಲಗಿವೆಯೋ ನೋಡಿದರೆ ಯಾವ ಕೊಯ್ತವೆಂದು ಅಲ್ಲೇ ತಿಳಿಯುತ್ತದೆ.

ಕವಲಿನ ಮರದ ಚೆಲುವು ಬೇರೆ. ಕಾಂಡ ಎರಡಾಗಿ ಒಡೆಯುವ ಜಾಗದಲ್ಲಿ ಎರಡು ಕಡೆಯ ನಾರುಗಳೂ ಒಂದನ್ನೊಂದು ಒತ್ತಿ, ಹೆಣೆದುಕೊಂಡು ಬೆಳೆದಿರುತ್ತವೆ. ಎರಡು ಕವಲುಗಳನ್ನೂ ಹಾಯುವಂತೆ ನಡುವೆ ಸೀಳಿದರೆ ಹಕ್ಕಿಯ ಗರಿಯಂಥ ಚಿತ್ರ ತೆರೆದುಕೊಳ್ಳುತ್ತದೆ. ನಡುವೆ ದಂಟು, ಎರಡೂ ಬದಿಗೆ ಎಳೆಗಳು. ಒಳ್ಳೆಯ ಬೇಟೆಯ ರೈಫಲ್ಲುಗಳ ಬಟ್‌ನಲ್ಲಿ ಇದನ್ನು ಕಂಡರೆ ಕಣ್ಣು ಕೀಳಲಾಗುವುದಿಲ್ಲ. ಆದರೆ ಆ ಗರಿ ಮರದೊಳಗೆ ತೆಳುವಾದ ಪದರವಾಗಿ ಇರುವುದರಿಂದ ಬಟ್‌ನ ಎರಡೂ ಮಗ್ಗುಲಲ್ಲಿ ಒಂದೇ ಸಮನಾಗಿ ಬರುವುದು ಅಪರೂಪ. ಎಡಬದಿಯ ಫೋಟೋ ಮಾತ್ರ ತೋರಿಸಿ ಮಾರುವವರಿಂದ ಬಲಬದಿಯದ್ದೂ ಕೇಳಿ ಪಡೆಯಿರಿ.

ಬುಡದ ಮರವೆಂದರೆ ಬೇರು ಹಬ್ಬುವ ಮುಂಚೆ ಕಾಂಡ ಉಬ್ಬುವ ಜಾಗದ್ದು. ಇಡೀ ಮರದ ಭಾರ ಹೊತ್ತು ನಾರು ಅಲ್ಲಿ ಮಡಿಕೆ ಬಿದ್ದಿರುತ್ತದೆ, ಬಣ್ಣವೂ ಗಾಢ. ಗಂಟುಬುರುಡೆಯ ಮರದಲ್ಲಿ ಬೆಳೆಯದೆ ಉಳಿದ ಸಾವಿರಾರು ಮೊಗ್ಗುಗಳ ಸುತ್ತ ಸುಳಿಗಳು. ಸಿಗರೇಟಿನ ಡಬ್ಬಿಗೆ, ಮೇಜಿನ ಮೇಲ್ಮೈಗೆ ಅದು ಚೆನ್ನ. ಒದೆತ ತಿನ್ನುವ ಕೋವಿಗೆ ಅದು ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಯಾವ ಮರ, ಯಾವ ದೇಶ

ಹೆಚ್ಚಿನ ಹಳೆಯ ರೈಫಲ್ಲುಗಳ ಮರ ಅಕ್ರೋಟು. ನಾವು ತಿನ್ನುವ ಅಕ್ರೋಟು ಕಾಯಿಯ ಮರವೇ. ಇಂಗ್ಲಿಷ್, ಫ್ರೆಂಚ್, ತುರ್ಕಿ, ಕಾಶ್ಮೀರಿ ಎಂದು ಊರಿನ ಹೆಸರು ಹಚ್ಚಿ ಮಾರಿದರೂ ಜಾತಿ ಒಂದೇ. ಮಣ್ಣು, ಹವೆ, ವಯಸ್ಸಿನಿಂದ ಬಣ್ಣ ಬೇರೆಯಾಗುತ್ತದೆ. ಜೇನುಬಣ್ಣದಿಂದ ಹಿಡಿದು ಬೂದುಗಂದಿನವರೆಗೆ ಇರುವ ಮೈ, ಅದರ ಮೇಲೆ ಕಪ್ಪು ಗೆರೆ, ಸಣ್ಣ ರಂಧ್ರ. ಅಮೆರಿಕದ ಕರಿ ಅಕ್ರೋಟು ಬೇರೆ ಜಾತಿ. ನೇರಳೆ ಬೆರೆತ ಚಾಕೊಲೇಟ್ ಬಣ್ಣ, ಮೈಪೂರ್ತಿ ಒಂದೇ ಸಮ, ರಂಧ್ರಗಳು ತುಸು ದೊಡ್ಡವು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಕಾಡಿಗೆ ಒಯ್ಯುತ್ತಿದ್ದ ರೈಫಲ್ .405 ಕ್ಯಾಲಿಬರಿನ ವಿಂಚೆಸ್ಟರ್ 1895. ತೇಜಸ್ವಿಯವರ ಕನ್ನಡದಲ್ಲಿ ಆಂಡರ್ಸನ್ ಕತೆ ಓದಿದವರು ಆ ರೈಫಲ್ಲನ್ನು ಕಲ್ಪಿಸಿಕೊಳ್ಳುವಾಗ ಈ ಚಾಕೊಲೇಟ್ ಬಣ್ಣದ ಮರವನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಆ ಕಂಪನಿಯ ಸಾಮಾನ್ಯ ರೈಫಲ್ಲುಗಳಿಗೆ ಹಾಕುತ್ತಿದ್ದದ್ದು ಕರಿ ಅಕ್ರೋಟನ್ನೇ.

ಮರದ ಒತ್ತುತನ ಅಳೆಯಲು ಕೋವಿಯ ಮೇಲಿನ ಚೌಕಳಿ ಕೆತ್ತನೆ ಒಳ್ಳೆಯ ಸಾಕ್ಷಿ. ಒತ್ತಾದ ಅಕ್ರೋಟಿನ ಮೇಲೆ ಇಂಚಿಗೆ 24 ಗೆರೆ, ಅದಕ್ಕೂ ಹೆಚ್ಚು, ತುದಿ ಉದುರದೆ ಕೆತ್ತಬಹುದು. ಮೆದು ಮರದಲ್ಲಿ ಅಷ್ಟು ಸಣ್ಣ ವಜ್ರಾಕೃತಿಗಳು ನಿಲ್ಲುವುದಿಲ್ಲ, ಪುಡಿಯಾಗುತ್ತವೆ. ಐವತ್ತು ವರ್ಷ ಬಳಸಿದ ಮೇಲೂ ಚೌಕಳಿ ಚೂಪಾಗಿಯೇ ಇದ್ದರೆ ಒಳ್ಳೆಯ ಮರವೆಂದು ತಿಳಿಯಿರಿ.

ಸೈನ್ಯದ ರೈಫಲ್ಲುಗಳ ಕತೆ ಬೇರೆ. ಅಲ್ಲಿ ಅಂದಕ್ಕೆ ಜಾಗವಿಲ್ಲ, ನೇರ ನಾರಿನ ಒಣಮರ ಬೇಕು, ಲಕ್ಷಗಟ್ಟಲೆ ಬೇಕು. ಯುದ್ಧದ ವರ್ಷಗಳಲ್ಲಿ ಅಕ್ರೋಟು ಸಾಲದಾದಾಗ ಒಂದೊಂದು ದೇಶ ಒಂದೊಂದು ದಾರಿ ಹಿಡಿಯಿತು. ಜರ್ಮನರು ಮೌಸರ್‌ಗೆ ತೆಳು ಹಾಳೆಗಳನ್ನು ಅಂಟಿಸಿ ಒತ್ತಿದ ಮರ ಹಾಕಿದರು. ಅದರ ಮಗ್ಗುಲಲ್ಲಿ ಕಾಣುವ ಸಮಾನ ಗೆರೆಗಳನ್ನು ನೋಡಿ ಅಲೆಪಟ್ಟೆ ಎಂದು ಹಿಗ್ಗಿದವರನ್ನು ಬಲ್ಲೆ. ಅದು ಪ್ಲೈವುಡ್ಡಿನ ಪದರದ ಗೆರೆ, ನಾರಿನ ಅಲೆಗೂ ಅದಕ್ಕೂ ಸಂಬಂಧವಿಲ್ಲ. ಸ್ವಿಸ್ ಸೈನ್ಯದ ಕೆ31ಗೆ ಮೊದಲು ಅಕ್ರೋಟು, ಆಮೇಲೆ ಬೀಚ್. ಬೀಚ್ ಮರವನ್ನು ಗುರುತಿಸುವುದು ಸುಲಭ: ತಿಳಿಕಂದು ಮೈಮೇಲೆ ಅಕ್ಕಿಕಾಳಿನ ತುದಿಯಷ್ಟು ಸಣ್ಣ ಕಂದು ಗೀಟುಗಳು ಚಿಮುಕಿಸಿದಂತೆ ಇರುತ್ತವೆ. ಜಪಾನಿನ ಅರಿಸಾಕಾದ ಬಟ್ ಎರಡು ತುಂಡು ಸೇರಿಸಿ ಮಾಡಿದ್ದು. ಕೆಳಭಾಗದ ಜೋಡಣೆಯ ಗೆರೆಯನ್ನು ಬಿರುಕೆಂದು ತಿಳಿದು ಅಂಟು ಹಾಕಿಸಹೋಗಬೇಡಿ. ಆಸ್ಟ್ರೇಲಿಯಾದ ಲಿತ್‌ಗೋ ಕಾರ್ಖಾನೆ ಲೀ ಎನ್‌ಫೀಲ್ಡ್‌ಗೆ ತನ್ನ ನೆಲದ ಕೋಚ್‌ವುಡ್ಡನ್ನೂ ಕ್ವೀನ್ಸ್‌ಲ್ಯಾಂಡ್ ಮೇಪಲ್ಲನ್ನೂ ಬಳಸಿತು.

ಇವೆಲ್ಲದರಲ್ಲಿ ನನಗೆ ಅತಿ ಪ್ರಿಯವಾದದ್ದು ಫಿನ್‌ಲೆಂಡಿನ ಎಂ39. ಉತ್ತರದ ಚಳಿಯಲ್ಲಿ ನಿಧಾನವಾಗಿ ಬೆಳೆದ ಬರ್ಚ್ ಮರ, ಮೂಲದಲ್ಲಿ ಬೆಣ್ಣೆಬಣ್ಣ, ಎಣ್ಣೆ ಕುಡಿದು ಕಾಲಕ್ರಮೇಣ ಕಿತ್ತಳೆಗಂದು. ಹೆಚ್ಚಿನವು ಸಾದಾ. ಎಲ್ಲೋ ಒಂದರಲ್ಲಿ ಬೆಂಕಿಯ ನಾಲಗೆಯಂಥ ಅಲೆ ಎದ್ದಿರುತ್ತದೆ. ಅಂದಕ್ಕೆಂದು ಯಾರೂ ಆರಿಸದೆ, ಸರತಿಯಲ್ಲಿ ಬಂದ ತುಂಡಿನಲ್ಲಿ ತಾನಾಗಿ ಮೂಡಿದ ಚೆಲುವು ಅದು. ಸೈನ್ಯದ ರೈಫಲ್ಲಿನ ಮೇಲೆ ಒಳ್ಳೆಯ ಪಟ್ಟೆ ಕಂಡಾಗ ನನಗೆ ಹೆಚ್ಚು ಸಂತೋಷವಾಗುವುದು ಈ ಕಾರಣಕ್ಕೇ.

ಲೀ ಎನ್‌ಫೀಲ್ಡ್ ಮನೆತನದ ರೈಫಲ್ಲುಗಳಿಗೆ ಬಟ್ ಬೇರೆ, ನಳಿಗೆಯ ಕೆಳಗಿನ ಮುಂಭಾಗದ ಮರ ಬೇರೆ. ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯಿಂದ ಬಂದ .315 ಸ್ಪೋರ್ಟಿಂಗ್ ರೈಫಲ್ಲೂ ಅದೇ ಕಟ್ಟಿನದು. ಬಟ್ ತಿಳಿಯಾಗಿ, ಮುಂಭಾಗ ಕಪ್ಪಾಗಿ ಇದ್ದರೆ ಗಾಬರಿ ಬೇಡ, ಎರಡು ಬೇರೆ ದಿಮ್ಮಿಗಳಿಂದ ಬಂದದ್ದಿರಬಹುದು. ಇಶಾಪುರದ ಸೈನ್ಯದ ಲೀ ಎನ್‌ಫೀಲ್ಡ್‌ಗಳಲ್ಲಿ ಮುಂಭಾಗದ ಮರಕ್ಕೆ ಅಡ್ಡಲಾಗಿ ಒಂದು ಬಿಗಿ ಸ್ಕ್ರೂ ಕಾಣಬಹುದು. ಅದು ಮರ ಸೀಳದಿರಲೆಂದು ಕಾರ್ಖಾನೆಯವರೇ ಹಾಕಿದ್ದು, ಬಡಗಿಯ ತೇಪೆಯಲ್ಲ.

ನಮ್ಮ ಕಡೆ ಇನ್ನೊಂದು ಬಗೆಯೂ ಕಾಣಸಿಗುತ್ತದೆ. ಮೂಲದ ಬಟ್ ಮುರಿದಾಗ ಊರ ಬಡಗಿ ಬೀಟೆಯಲ್ಲೋ ತೇಗದಲ್ಲೋ ಕೆತ್ತಿ ಕೊಟ್ಟದ್ದು. ಬೀಟೆಯ ಕಪ್ಪು ನೇರಳೆ ಗೆರೆ ಬಹಳ ಚೆಂದ. ಆದರೆ ಭಾರ. ಒಣ ಅಕ್ರೋಟು ಘನಮೀಟರಿಗೆ ಸುಮಾರು 640 ಕಿಲೊ ತೂಗಿದರೆ ಬೀಟೆ ಸುಮಾರು 830. ರೈಫಲ್ ಎತ್ತಿದಾಗ ಹಿಂಭಾರ ಅನ್ನಿಸಿದರೆ ಬಟ್ ಪ್ಲೇಟ್ ಬಿಚ್ಚಿ ಲೇಪವಿಲ್ಲದ ಮರ ಕಾಣುವಲ್ಲಿ ಮೂಸಿ ನೋಡಿ. ತೇಗ ತನ್ನ ಎಣ್ಣೆಯ ವಾಸನೆಯಿಂದ, ಬೀಟೆ ಸಿಹಿಗಂಧದಿಂದ ತಾನೇ ಹೆಸರು ಹೇಳುತ್ತದೆ. ಮೂಲದ ಮರವಲ್ಲ ಎಂಬ ಕಾರಣಕ್ಕೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ. ಮನೆಯವರಿಗೆ ಅದು ಮನೆಯ ಚರಿತ್ರೆ, ಹಾಗೆಯೇ ಇರಲಿ ಎಂದು ನಾನು ಹೇಳುತ್ತೇನೆ.

ಮಣಿಕಟ್ಟಿನಲ್ಲಿ ನಿಂತು ನೋಡಿ

ಪಟ್ಟೆ ಎಷ್ಟೇ ಸೊಗಸಾಗಿರಲಿ, ನಾನು ಮೊದಲು ನೋಡುವ ಜಾಗ ಬೇರೆ. ಬಟ್ ಮುಗಿದು ಆ್ಯಕ್ಷನ್ ಶುರುವಾಗುವ ಮೊದಲು, ಬಲಗೈ ಸುತ್ತಿ ಹಿಡಿಯುವ ಸಪೂರ ಭಾಗವಿದೆಯಲ್ಲ, ಅದು. ಕೋವಿಯ ಮಣಿಕಟ್ಟು. ಇಡೀ ಮರದಲ್ಲಿ ಅತ್ಯಂತ ತೆಳುವಾದ ಜಾಗ ಅದು, ಒದೆತದ ಪೆಟ್ಟು ಪೂರ್ತಿ ಹಾಯುವುದೂ ಅದರ ಮೂಲಕವೇ. ಕೋವಿ ಕೈಜಾರಿ ಬಿದ್ದರೆ ಮುರಿಯುವುದೂ ಅಲ್ಲೇ.

ಅಂದ ಹುಟ್ಟುವುದು ನಾರು ತಿರುಚಿಕೊಂಡಲ್ಲಿ, ಬಲ ಇರುವುದು ನಾರು ನೇರವಿದ್ದಲ್ಲಿ. ಸೌದೆ ಸೀಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕೊಡಲಿ ನಾರಿನ ಉದ್ದಕ್ಕೆ ಬಿದ್ದರೆ ಒಂದೇ ಏಟಿಗೆ ಸೀಳುತ್ತದೆ, ಅಡ್ಡಲಾಗಿ ಬಿದ್ದರೆ ಕಚ್ಚಿಕೊಂಡು ನಿಲ್ಲುತ್ತದೆ. ಮಣಿಕಟ್ಟಿನಲ್ಲಿ ನಾರು ಉದ್ದಕ್ಕೂ ಹರಿದಿದ್ದರೆ ಒದೆತ ಅದನ್ನು ಅಡ್ಡ ಮುರಿಯಬೇಕು, ಅದು ಸುಲಭವಲ್ಲ. ನಾರು ಓರೆಯಾಗಿ ಬಂದು ಮಣಿಕಟ್ಟಿನ ಕೆಳಬದಿಯಲ್ಲಿ ಹೊರಗೆ ಹರಿದುಹೋಗಿದ್ದರೆ, ಒದೆತಕ್ಕೆ ಸೀಳುವ ದಾರಿ ಮೊದಲೇ ಸಿದ್ಧ.

ಪರೀಕ್ಷೆ ಹೀಗೆ. ರೈಫಲ್ಲನ್ನು ಕಿಟಕಿಯ ಬೆಳಕಿಗೆ ಮಗ್ಗುಲಾಗಿ ಹಿಡಿಯಿರಿ. ಹೊಳೆಯುವ ಪಟ್ಟೆಗೆ ಮರುಳಾಗದೆ ಮರದ ರಂಧ್ರಗಳನ್ನು ಹುಡುಕಿ. ಅಕ್ರೋಟಿನಲ್ಲಿ ಅವು ಸೂಜಿಯಿಂದ ಗೀರಿದ ಸಣ್ಣ ಕಪ್ಪು ಗೀಟುಗಳಂತೆ ಕಾಣುತ್ತವೆ. ನಾರಿನ ದಿಕ್ಕು ಹೇಳುವುದು ಅವೇ. ಬಟ್‌ನಿಂದ ಶುರುಮಾಡಿ ಉಗುರಿನಿಂದ ಆ ಗೀಟುಗಳ ದಾರಿ ಹಿಡಿದು ಮುಂದಕ್ಕೆ ಹೋಗಿ. ಮಣಿಕಟ್ಟಿನ ಬಾಗಿನ ಜೊತೆಯಲ್ಲೇ ಗೀಟುಗಳೂ ಬಾಗಿ, ಆ್ಯಕ್ಷನ್ನಿನ ಕೆಳಗೆ ಸಾಗಿದರೆ ಒಳ್ಳೆಯ ಮರ, ಬಲ್ಲವನು ಕೊಯ್ದ ಮರ. ಎರಡಂಗುಲದೊಳಗೆ ಗೀಟು ಮಣಿಕಟ್ಟಿನ ಅಂಚಿಗೆ ಬಂದು ಕೊನೆಯಾದರೆ ಎಚ್ಚರ. ಇದನ್ನು ಎರಡೂ ಮಗ್ಗುಲಲ್ಲಿ ಮಾಡಿ, ಆಮೇಲೆ ಮೇಲಿನಿಂದಲೂ ನೋಡಿ. ಪಕ್ಕದಿಂದ ನೇರ ಕಂಡ ನಾರು ಮೇಲಿನಿಂದ ನೋಡಿದಾಗ ಎಡದಿಂದ ಬಲಕ್ಕೆ ಅಡ್ಡ ಹಾಯ್ದಿರುವುದುಂಟು.

ಉತ್ತಮ ಕೋವಿ ಮರ ಹೇಗಿರುತ್ತದೆ ಎಂದರೆ, ಬಟ್‌ನ ಹಿಂಭಾಗದಲ್ಲಿ ಅಂದವೆಲ್ಲ ಸೇರಿ, ಮುಂದೆ ಬಂದಂತೆ ಶಾಂತವಾಗಿ, ಮಣಿಕಟ್ಟಿನಲ್ಲಿ ನೇರವಾಗಿ, ನಳಿಗೆಯ ಕೆಳಗೆ ಕೋಲಿನಂತೆ ಸಾದಾ ಆಗಿರುತ್ತದೆ. ಮುಂಭಾಗವೂ ಸಾದಾ ಇರಬೇಕಾದ್ದಕ್ಕೆ ಕಾರಣವಿದೆ. ತಿರುಚಿದ ನಾರಿನ ಮರ ಮಳೆಗಾಲದಲ್ಲಿ ನೀರು ಹೀರಿ, ಬೇಸಿಗೆಯಲ್ಲಿ ಒಣಗಿ ಬಾಗುತ್ತದೆ, ನಳಿಗೆಯನ್ನು ಒತ್ತುತ್ತದೆ, ಗುರಿ ಸರಿಯುತ್ತದೆ. ಮಡಿಕೇರಿಯ ಮಳೆ ಕಂಡ ಮರಕ್ಕೆ ಇದು ಸಣ್ಣ ವಿಷಯವಲ್ಲ. ಸೌಮ್ಯವಾದ ಅಲೆಪಟ್ಟೆ ಮಣಿಕಟ್ಟಿನವರೆಗೆ ಬಂದಿದ್ದರೆ, ಉಳಿದಂತೆ ನಾರು ಸರಿಯಿದ್ದರೆ, ನಾನು ಅದನ್ನು ದೋಷವೆನ್ನುವುದಿಲ್ಲ. ಕವಲಿನ ಗರಿ ಮಣಿಕಟ್ಟಿಗೆ ನುಗ್ಗಿದ್ದರೆ ಮಾತ್ರ, ಎಷ್ಟೇ ಚೆಂದವಿದ್ದರೂ, ಅದನ್ನು ಹಾರಿಸುವ ರೈಫಲ್ ಎಂದು ಕೊಳ್ಳಬೇಡಿ.

ಅಲ್ಲೇ ಬಿರುಕನ್ನೂ ನೋಡಿ. ಆ್ಯಕ್ಷನ್ನಿನ ಹಿಂಬಾಲ ಮರದೊಳಗೆ ಕೂತ ಜಾಗದ ಹಿಂದೆ ಕೂದಲೆಳೆಯಂಥ ಗೆರೆ ಇದ್ದರೆ, ಲೋಹ ಒದ್ದು ಮರ ಸೀಳಲು ಶುರುವಾಗಿದೆ ಎಂದರ್ಥ. ಬಣ್ಣದ ಗೆರೆಯೋ ಬಿರುಕೋ ಎಂಬ ಸಂಶಯ ಬಂದರೆ ಮಣಿಕಟ್ಟನ್ನು ಎರಡು ಕೈಯಲ್ಲಿ ಹಿಡಿದು ಬಹಳ ಮೆಲ್ಲಗೆ ಬಾಗಿಸಿ. ಬಿರುಕಿದ್ದರೆ ಅದರ ಬಾಯಿಂದ ಎಣ್ಣೆ ಜಿನುಗುತ್ತದೆ, ಗೆರೆಯಿದ್ದರೆ ಏನೂ ಆಗದು. ಆ ಜಾಗ ಕಪ್ಪಗೆ, ಮೆತ್ತಗೆ ಇದ್ದರೆ ದಶಕಗಳ ಕಾಲ ಲೋಹಕ್ಕೆ ಹಾಕಿದ ಎಣ್ಣೆ ಇಳಿದಿಳಿದು ಮರ ಕುಡಿದಿದೆ. ಕೋವಿಯನ್ನು ಬಟ್ ಕೆಳಗಾಗಿ ನಿಲ್ಲಿಸಿಡುವ ಮನೆಗಳಲ್ಲೆಲ್ಲ ಇದು ಸಾಮಾನ್ಯ. ಎಣ್ಣೆ ಕುಡಿದ ಮರಕ್ಕೆ ನಾರಿನ ಬಿಗಿ ಇರುವುದಿಲ್ಲ.

ಬರೆದ ಪಟ್ಟೆ

ಗೆಳೆಯನ ಅಪ್ಪ ಕೇಳಿದ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಪಟ್ಟೆಯನ್ನು ಬಣ್ಣದಲ್ಲಿ ಬರೆಯುವವರು ಇದ್ದರು, ಈಗಲೂ ಇದ್ದಾರೆ. 18ನೇ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನ್ ಮೂಲದ ಕೋವಿಗಾರರು ಉದ್ದ ನಳಿಗೆಯ ರೈಫಲ್ಲುಗಳನ್ನು ಅಲೆಪಟ್ಟೆಯ ಮೇಪಲ್ಲಿನಲ್ಲಿ ಮಾಡುತ್ತಿದ್ದರು. ಮೇಪಲ್ ಹುಟ್ಟಿನಿಂದ ಬಿಳಿ. ಪಟ್ಟೆ ಎದ್ದು ಕಾಣಲೆಂದು ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣ ಕರಗಿಸಿ ಹಚ್ಚಿ, ಕಾದ ಕಬ್ಬಿಣ ಹತ್ತಿರ ಹಿಡಿದರೆ ಮರ ಕೆಂಗಂದು ಬಣ್ಣಕ್ಕೆ ತಿರುಗುತ್ತಿತ್ತು. ನಾರಿನ ಬಾಯಿ ಹೆಚ್ಚು ಕುಡಿದು ಕಪ್ಪಾಗುತ್ತಿತ್ತು, ಮಗ್ಗುಲು ಕಡಿಮೆ ಕುಡಿದು ತಿಳಿಯಾಗಿ ಉಳಿಯುತ್ತಿತ್ತು. ಅದು ಮೋಸವಲ್ಲ, ಇರುವುದನ್ನು ಎತ್ತಿ ತೋರಿಸುವ ವಿದ್ಯೆ. ಸಾದಾ ಮರದ ಮೇಲೆ ಮಸಿಯಿಂದಲೋ ಸುಟ್ಟೋ ಪಟ್ಟೆ ಎಳೆದರೆ ಅದು ಮೋಸ.

ಗುರುತಿಸಲು ಟಾರ್ಚ್ ಸಾಕು. ಬೆಳಕನ್ನು ಮರದ ಮೈಗೆ ತೀರ ಓರೆಯಾಗಿ ಹಿಡಿದು, ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ಒಯ್ಯಿರಿ. ನಿಜವಾದ ಪಟ್ಟೆ ಅದಲುಬದಲಾಗುತ್ತದೆ. ಬರೆದ ಪಟ್ಟೆ ಗೋಡೆಯ ಮೇಲಿನ ಸುಣ್ಣದ ಗೆರೆಯಂತೆ ಇದ್ದಲ್ಲೇ ಇರುತ್ತದೆ. ಇನ್ನೂ ಅನುಮಾನವಿದ್ದರೆ ಬಟ್ ಪ್ಲೇಟಿನ ಅಂಚಿನಲ್ಲಿ ನೋಡಿ. ನಿಜವಾದ ಅಲೆ ಅಂಚು ದಾಟಿ ಎರಡೂ ಮೈಗೆ ಹರಿದಿರುತ್ತದೆ, ಕುಂಚದ ಪಟ್ಟೆ ಅಂಚಿನಲ್ಲಿ ತಡವರಿಸುತ್ತದೆ. ಬೀಚ್ ಮರಕ್ಕೆ ಅಕ್ರೋಟಿನ ಬಣ್ಣ ಬಳಿದು ಮಾರುವುದು ಇನ್ನೂ ಹೆಚ್ಚು. ಆ ಅಕ್ಕಿಕಾಳಿನ ಗೀಟುಗಳನ್ನು ಬಣ್ಣ ಮುಚ್ಚಲಾರದು, ಅವನ್ನು ಹುಡುಕಿ.

ಅಂಗಡಿಯ ದರ್ಜೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಎ, ಎಎಎ, ಫ್ಯಾನ್ಸಿ, ಎಕ್ಸಿಬಿಷನ್ ಎಂದೆಲ್ಲ ಬರೆಯುತ್ತಾರೆ. ಎಲ್ಲರೂ ಒಪ್ಪಿದ ಅಳತೆಗೋಲು ಯಾವುದೂ ಇಲ್ಲ. ಒಬ್ಬನ ಮೂರು ಎ ಇನ್ನೊಬ್ಬನ ಒಂದು ಎ. ಎರಡೂ ಮಗ್ಗುಲ ಫೋಟೋ, ಮಣಿಕಟ್ಟಿನ ಹತ್ತಿರದ ಫೋಟೋ, ಬೆಳಕು ಸರಿಸಿ ತೆಗೆದ ಅರ್ಧ ನಿಮಿಷದ ವಿಡಿಯೊ, ಇಷ್ಟಿದ್ದರೆ ದರ್ಜೆಯನ್ನು ನೀವೇ ಕೊಡಬಹುದು.

ಉಪ್ಪುಕಾಗದ ದೂರ ಇಡಿ

ಇದನ್ನು ಬರೆಯುವಾಗ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರು ಮನೆತನದ ಜೋಡಿ ನಳಿಗೆಯ ಮರ ಮಂಕಾಗಿದೆ ಎಂದು ಪಾಲಿಷ್ ಅಂಗಡಿಗೆ ಕೊಟ್ಟರು. ಕೊಡುವ ಮೊದಲು ನನ್ನನ್ನು ಕೇಳಿದ್ದರು. ಒರೆಸಿ ಎಣ್ಣೆ ಹಚ್ಚಿಸಿದರೆ ಸಾಕು ಎಂದು ನಾನು ಹೇಳಿದ್ದೆನೇ ಹೊರತು ಉಪ್ಪುಕಾಗದ ಮುಟ್ಟಿಸಬೇಡಿ ಎಂದು ಒತ್ತಿ ಹೇಳಿರಲಿಲ್ಲ. ಅಂಗಡಿಯವರು ಮೇಜು ಕುರ್ಚಿಗೆ ಮಾಡುವ ಹಾಗೆ ಉಜ್ಜಿ ಉಜ್ಜಿ ಹೊಸ ಮರ ಎಬ್ಬಿಸಿ, ದಪ್ಪ ವಾರ್ನಿಷ್ ಹೊಡೆದು ಕೊಟ್ಟರು. ಚೌಕಳಿ ಅಳಿಸಿಹೋಗಿತ್ತು. ತಯಾರಕರ ಮುದ್ರೆ ಕಾಣೆಯಾಗಿತ್ತು. ಲೋಹದ ಅಂಚಿಗಿಂತ ತುಸು ಎತ್ತರ ನಿಂತಿರಬೇಕಾದ ಮರ ಒಳಗೆ ತಗ್ಗಿ, ಬೆರಳಾಡಿಸಿದರೆ ಕಬ್ಬಿಣ ತಾಗುತ್ತಿತ್ತು.

ಹಳೆಯ ಮರದ ಮೇಲಿನ ಕೊಳೆಗೆ ಮೆತ್ತನೆಯ ಬಟ್ಟೆ, ಸ್ವಲ್ಪ ಟರ್ಪೆಂಟೈನ್ ಸಾಕು. ತಗ್ಗು ಬಿದ್ದ ಕಡೆ ಒದ್ದೆ ಬಟ್ಟೆಯಿಟ್ಟು ಇಸ್ತ್ರಿಪೆಟ್ಟಿಗೆ ತಾಗಿಸಿದರೆ ಆವಿಗೆ ನಾರು ಉಬ್ಬಿ ಮೇಲೇಳುತ್ತದೆ. ನಾರು ತುಂಡಾಗಿದ್ದರೆ ಏಳುವುದಿಲ್ಲ, ಹಾಗೇ ಬಿಡಿ. ಎಣ್ಣೆ ಕುಡಿದು ಕಪ್ಪಾದ ಜಾಗಕ್ಕೆ ಸೀಮೆಸುಣ್ಣದ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಮೆತ್ತಿ, ಒಣಗಿದ ಮೇಲೆ ಉದುರಿಸಿ, ಹತ್ತಾರು ಸಲ ಮಾಡಿದರೆ ಪುಡಿ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಇದು ಮರದ ಮೇಲಿನ ಹಳೆಯ ಲೇಪವನ್ನೂ ಕರಗಿಸುವುದರಿಂದ ಹೊರಮೈಗೆ ಬಾರದಂತೆ ಒಳಬದಿಯಲ್ಲಿ ಮಾತ್ರ ಮಾಡಿ. ಬಾಗಿಲು ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ.

ಕೊನೆಗೆ ಕುದಿಸಿದ ಅಗಸೆ ಎಣ್ಣೆ. ಬೆರಳ ತುದಿಯಲ್ಲಿ ನಾಲ್ಕು ಹನಿ, ಅಂಗೈ ಬಿಸಿಯಾಗುವವರೆಗೆ ಉಜ್ಜಿ, ಉಳಿದದ್ದನ್ನು ಒರೆಸಿ, ಒಂದು ದಿನ ಬಿಡಿ. ಮಂದವಾಗಿ ಹಚ್ಚಿದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ಅದ್ದಿ, ಬಿಡಿಸಿ ಹೊರಗೆ ಹರಡಿ ಒಣಗಿಸಿ.

ಅಂದು ಐನ್‌ಮನೆಯ ಜಗಲಿಯಲ್ಲಿ ನಾವು ಮಾಡಿದ್ದೂ ಇಷ್ಟೇ. ಬಟ್‌ನ ಬಲಮಗ್ಗುಲಲ್ಲಿ ಪಟ್ಟೆ ಸ್ವಲ್ಪ ಮಂಕು, ಎಡಮಗ್ಗುಲಲ್ಲಿ ತುಂಬಿ ಹರಿದಿತ್ತು. ಮಣಿಕಟ್ಟಿನಲ್ಲಿ ನಾರು ನೇರ, ಬಿರುಕಿಲ್ಲ. ಹಿಂಬಾಲದ ಹತ್ತಿರ ಎಣ್ಣೆಯ ಕಪ್ಪು ಒಂದು ಹಳೆಯ ನಾಣ್ಯದಷ್ಟು ಅಗಲ ಮಾತ್ರ. ಟರ್ಪೆಂಟೈನಿನಲ್ಲಿ ಒರೆಸಿದಾಗ ಬಟ್ಟೆಗೆ ಬಂದ ಕೊಳೆ ಕಾಫಿ ಚರಟದಂತಿತ್ತು. ಎರಡು ದಿನ ಬಿಟ್ಟು ಹಬ್ಬದ ಬೆಳಿಗ್ಗೆ ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದೆ ಕೋವಿಗಳನ್ನು ಇಟ್ಟರು. ನಳಿಗೆಗಳಿಗೆ ತೋಕ್‌ಪೂ ಸಿಕ್ಕಿಸಿದರು, ಕೆಂಪು ಹಳದಿಯ ಅಗ್ನಿಶಿಖೆ. ಗೆಳೆಯನ ಅಪ್ಪ ರೈಫಲ್ಲನ್ನು ಮೊದಲು ಉಳಿದವುಗಳಂತೆ ಬಲಮಗ್ಗುಲು ಮುಂದಾಗಿ ಇಟ್ಟವರು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಮತ್ತೆ ಹೋಗಿ ಅದನ್ನು ಎಡಮಗ್ಗುಲು ದೀಪಕ್ಕೆ ಕಾಣುವಂತೆ ತಿರುಗಿಸಿ ಇಟ್ಟರು.